ಕಿರಿಯರು ಆರಿಸಬೇಕು

ನಮ್ಮ ಕಡೆ ಆಸ್ತಿ ಪಾಲಾಗುವಾಗ ಹಿರಿಯರು ಭಾಗ ಮಾಡಬೇಕು, ಕಿರಿಯರು ಆರಿಸಬೇಕು. ಇದಕ್ಕಿಂತ ಬುದ್ಧಿವಂತ ನಿಯಮವನ್ನು ನಾನು ಯಾವ ಗಣಿತದ ಪುಸ್ತಕದಲ್ಲೂ ಕಂಡಿಲ್ಲ. ಅಪ್ಪ ತೀರಿಕೊಂಡ ಮೇಲೆ ಹಾಲ್ಕುರಿಕೆ ಹತ್ತಿರದ ನಮ್ಮ ತೋಟ ಪಾಲಿಗೆ ಬಂತು. ಅಣ್ಣ ಅದನ್ನು ಮೇಲಿನ ತೋಟ, ಕೆಳಗಿನ ತೋಟ ಎಂದು ಎರಡು ಭಾಗ ಮಾಡಿದ. ಕಿರಿಯಳಾದ ನಾನು ಆರಿಸಲು ಹೊರಟರೆ ಚಿಕ್ಕಪ್ಪ ತಡೆದರು. ಆ ಪದ್ಧತಿ ಇರುವುದು ಗಂಡುಮಕ್ಕಳಿಗೆ, ನಿನ್ನ ಪಾಲಿಗೆ ಕೆಳಗಿನ ತೋಟ ಎಂದರು. ಈಗ ನೆನೆದರೂ ಮೈ ಉರಿಯುತ್ತದೆ.

ನಾನು ತಿಪಟೂರಿನ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುವವಳು. ಸೊನ್ನೆ ಮತ್ತು ಒಂದು, ಈ ಎರಡನ್ನೇ ಅಕ್ಷರ ಮಾಡಿಕೊಂಡು ಕಟ್ಟಿದ ಪದಗಳು ನನ್ನ ಸಂಶೋಧನೆಯ ವಿಷಯ. ಈ ಹುಚ್ಚು ಹಿಡಿದದ್ದು ನಮ್ಮ ಮನೆಯ ಅಟ್ಟದಲ್ಲೇ. ಒಣಗಲು ಹಾಕಿದ ತೆಂಗಿನಕಾಯಿಗಳನ್ನು ಅಪ್ಪ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದರು. ಒಳಗೆ ಕೊಬ್ಬರಿ ಸದ್ದು ಮಾಡಿದರೆ ಒಂದು, ಮಾಡದಿದ್ದರೆ ಸೊನ್ನೆ ಎಂದು ನಾನು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೀಚುತ್ತಿದ್ದೆ. ಅದೇ ಮನೆಯವರು ನನಗೆ ಲೆಕ್ಕವೇ ಬಾರದು ಎಂಬಂತೆ ಮಾತಾಡಿದರು.

ನೀರು, ದಾರಿ, ಫಲ, ಒಳ್ಳೆಯ ಮಣ್ಣು. ಒಂದೊಂದು ಪಾಲಿಗೂ ಈ ನಾಲ್ಕರಲ್ಲಿ ಇದ್ದದ್ದಕ್ಕೆ ಒಂದು, ಇಲ್ಲದ್ದಕ್ಕೆ ಸೊನ್ನೆ ಬರೆಯಿರಿ. ಒಂದು ಪಾಲಿಗೆ ನೀರಿದೆ, ದಾರಿಯಿಲ್ಲ; ಇನ್ನೊಂದಕ್ಕೆ ದಾರಿಯಿದೆ, ನೀರಿಲ್ಲ ಎಂದರೆ ಯಾವುದು ಮೇಲು ಎಂದು ಹೇಳಲಾಗದು. ಹೀಗೆ ಹೋಲಿಕೆಗೆ ಸಿಗದ ಜೋಡಿಗಳೂ ಇರುವ ಏರ್ಪಾಟನ್ನು ಭಾಗಶಃ ಕ್ರಮ ಎನ್ನುತ್ತೇವೆ. ಹಿರಿಯರು ಪಾಲು ಮಾಡಬೇಕಾದದ್ದು ಅಂಥ ಜೋಡಿಯಾಗುವಂತೆ. ಅಣ್ಣನ ಮೇಲಿನ ತೋಟಕ್ಕೆ ನಾಲ್ಕೂ ಒಂದು. ನನ್ನದಕ್ಕೆ ಸೊನ್ನೆ, ಸೊನ್ನೆ, ಒಂದು, ಸೊನ್ನೆ. ನನ್ನಲ್ಲಿ ಇರುವುದೆಲ್ಲ ಅವನಲ್ಲೂ ಇದೆ, ಅವನಲ್ಲಿರುವ ಉಳಿದ ಮೂರು ನನ್ನಲ್ಲಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ.

ಚಿಕ್ಕಪ್ಪ ಅಂಗಳದ ಮಣ್ಣಿನಲ್ಲಿ ತೆಂಗಿನ ಕಡ್ಡಿಯಿಂದ ನಕ್ಷೆ ಗೀಚಿ, ನನ್ನ ಪಾಲನ್ನು ಬಾವಿಯ ಪಕ್ಕಕ್ಕೇ ಎಳೆದು ತಂದು, ನೀರು ದೂರವೇನಿಲ್ಲ ಎಂದರು. ನಾನು ಕಡ್ಡಿ ಕಿತ್ತುಕೊಂಡು ಮೂರು ಚುಕ್ಕೆ ಇಟ್ಟೆ: ಬಾವಿ, ಅಣ್ಣನ ತೋಟ, ನನ್ನ ತೋಟ. ಪೈಪು ಬಾವಿಯಿಂದ ಅಣ್ಣನ ತೋಟಕ್ಕೆ, ಅಲ್ಲಿಂದ ನನ್ನದಕ್ಕೆ. ಚುಕ್ಕೆಗಳನ್ನು ಹತ್ತಿರ ಇಡಿ, ದೂರ ಇಡಿ, ತಲೆಕೆಳಗಾಗಿ ಬರೆಯಿರಿ, ಅಣ್ಣನ ಚುಕ್ಕೆ ಅಳಿಸಿದರೆ ನನಗೆ ನೀರಿಲ್ಲ. ಚಿತ್ರ ಹೇಗೆ ಬರೆದರೂ ಬದಲಾಗದ ಇಂಥ ಗುಣವನ್ನು ಗ್ರಾಫಿನ, ಅಂದರೆ ಚುಕ್ಕೆ-ಗೆರೆಗಳ ಜಾಲದ, ಅಚರ ಎಂದು ಪ್ರತಿ ವರ್ಷ ಪಾಠ ಮಾಡುತ್ತೇನೆ. ಚಿಕ್ಕಪ್ಪನಿಗೆ ಅದು ಬೇಕಿರಲಿಲ್ಲ.

“ಅದೂ ತೋಟ, ಇದೂ ತೋಟ. ಎರಡೂ ಒಂದೇ ಕಣಮ್ಮ, ಬುಡು,” ಎಂದರು.

“ಒಂದೇ ಆದ್ರೆ ಅಣ್ಣ ಕೆಳಗಿಂದು ತಗೊಳ್ಳಲಿ, ನಂಗೆ ಮೇಲಿಂದು ಕೊಡಿ,” ಎಂದೆ.

ಅಣ್ಣ ತಟ್ಟನೆ, “ಅದೆಂಗಾಯ್ತದೆ?” ಎಂದ.

ಕಾಫಿ ಲೋಟ ಎತ್ತಿಕೊಳ್ಳುತ್ತಿದ್ದ ಅಮ್ಮ ಅಲ್ಲೇ ನಿಂತಳು. “ಹಂಗಾರೆ ಒಂದೇ ಅಲ್ಲ ಅಂತ ನಿಂಗೂ ಗೊತ್ತು ಕಣಪ್ಪ. ಇನ್ನೊಂದ್ಸಲ ಭಾಗ ಮಾಡು. ಆರಿಸೋಳು ಅವ್ಳೇ.”

ಅಣ್ಣ ಇನ್ನೂ ಭಾಗ ಮಾಡಿಲ್ಲ, ನಾನು ಸಹಿ ಹಾಕಿಲ್ಲ. ಮೊನ್ನೆ ಗೌರಿ ಹಬ್ಬಕ್ಕೆ ಬಾಗಿನ ತಂದವನು, ಆರಿಸುವವಳು ನೀನಾದರೆ ಸಮನಾಗಿ ಭಾಗ ಮಾಡುವುದು ಹೇಗೆಂದು ತಲೆಗೇ ಹೋಗುತ್ತಿಲ್ಲ, ಲೆಕ್ಕದ ಮೇಡಂ ಅಲ್ಲವೇ, ನೀನೇ ಹೇಳಿಕೊಡು ಎಂದ. ಮೊದಲ ಸಲ ಭಾಗ ಮಾಡುವಾಗ ಅವನಿಗೆ ಯಾರ ಪಾಠವೂ ಬೇಕಾಗಿರಲಿಲ್ಲ.