ಮೋಟರ್ ಮನೆಯಲ್ಲಿ ನಿಂತ ಎಣಿಕೆ

ಕಥೆ ಕಟ್ಟುತ್ತಿದ್ದೇನೆ ಎನ್ನುವವರು ತೊಣ್ಣೂರಿನ ನಮ್ಮ ತೋಟಕ್ಕೆ ಬರಲಿ. ಮೋಟರ್ ಮನೆ ತೋರಿಸುತ್ತೇನೆ. ಒಳಗೆ ಮಾತ್ರ ಬರಲಾರೆ.

ನಮ್ಮ ದೇಶ ಮೊದಮೊದಲು ಮೇಲಿನ ಗಾಳಿ ಅಳೆಯಲು ಸಣ್ಣ ರಾಕೆಟ್ ಹಾರಿಸುತ್ತಿದ್ದಾಗ, ದೊಡ್ಡಪ್ಪ ಕೇರಳದ ಕಡಲ ದಂಡೆಯಲ್ಲಿ ಆ ಕೆಲಸದಲ್ಲಿದ್ದರು. ನಿವೃತ್ತರಾಗಿ ಊರಿಗೆ ಬಂದವರು ಅಲ್ಲಿನ ಕಟ್ಟಳೆಯನ್ನು ನಮ್ಮ ಬೋರ್‌ವೆಲ್‌ಗೂ ತಂದರು.

"ರಾಕೆಟ್ ತಾವ್ಕೆ ಓಗೋನ ಜೇಬಲ್ಲೇ ಅತ್ತಿಸೋ ಕೀ ಇರ್ಬೇಕು ಕಣ್ಲಾ. ಅವ್ನು ವಾಪಸ್ ಬರೋಗಂಟ ಯಾರೂ ಅತ್ತಿಸಂಗಿಲ್ಲ. ನೀವೂ ಅಂಗೇಯ, ಫ್ಯೂಸ್ ಕಿತ್ತು ಜೇಬಿಗಾಕ್ಕೊಂಡು ವೈರ್ ಮುಟ್ಟಿ."

ಹೋದ ವರ್ಷ ತೀರಿಕೊಂಡರು.

ಅದಾಗಿ ಕೆಲವು ತಿಂಗಳಿಗೆ ಒಂದು ರಾತ್ರಿ, ತ್ರೀಫೇಸ್ ಕರೆಂಟು ಬರುವುದರೊಳಗೆ ಬೋರಿನ ವೈರು ಜೋಡಿಸಬೇಕಿತ್ತು. ತಮ್ಮ ಮಾದೇವ ಹೊರಗೆ ಬ್ಯಾಟರಿ ಬೆಳಕಿನಲ್ಲಿ ಕುಳಿತ. ಟೇಪು ತರಲು ನಾನು ಮೋಟರ್ ಮನೆಯೊಳಗೆ ಹೋದೆ. ಹಿಂದೆ ಬಾಗಿಲು ಮುಚ್ಚಿಕೊಂಡಿತು...

ತಳ್ಳಿದೆ. ಅಲ್ಲಾಡಲಿಲ್ಲ. ಆ ಬಾಗಿಲಿಗೆ ಹೊರಗೆ ಚಿಲಕವೇ ಇಲ್ಲ. ಕತ್ತಲಲ್ಲಿ ಪಟಾಕಿ ಸುಟ್ಟ ವಾಸನೆ. ರಜೆಗೆ ಬಂದಾಗ ದೊಡ್ಡಪ್ಪನ ಅಂಗಿಯಲ್ಲಿರುತ್ತಿದ್ದ ಅದೇ ವಾಸನೆ.

ಬಾಗಿಲಾಚೆ ಯಾರೋ ಮೆಲ್ಲಗೆ ಎಣಿಸತೊಡಗಿದರು. "ಟೆನ್... ನೈನ್..."

"ಮಾದೇವ, ಆಟ ಆಡ್ಬೇಡ ಕಣ್ಲಾ."

ಎಣಿಕೆ ನಿಲ್ಲಲಿಲ್ಲ. ಆಗ ಹೊಳೆಯಿತು. ಫ್ಯೂಸ್ ಅವನು ಕಿತ್ತಿದ್ದಾನೆಂದು ನಾನು, ನಾನು ಕಿತ್ತಿದ್ದೇನೆಂದು ಅವನು... ಸ್ಟಾರ್ಟರು ಆಟೋದಲ್ಲಿತ್ತು. ಕರೆಂಟು ಬಂದ ಕೂಡಲೇ ಮೋಟರು ತಾನೇ ಹೊರಡುತ್ತದೆ. ಬರಿ ವೈರು ತಮ್ಮನ ಕೈಯಲ್ಲಿದೆ.

ತಡಕಾಡಿ ಒಂದು ಫ್ಯೂಸ್ ಕಿತ್ತೆ. "ಫೋರ್..." ಇನ್ನೊಂದು ಕಿತ್ತೆ. "ತ್ರೀ..." ಮೂರನೆಯದು ಬಿಗಿಯಾಗಿ ಕೂತಿತ್ತು. ಉಗುರು ಕಿತ್ತುಬಂದರೂ ಬಿಡದೆ ಎಳೆದು ಮೂರನ್ನೂ ಜೇಬಿಗೆ ತುರುಕಿದೆ.

"ಟೂ..."

"ದೊಡ್ಡಪ್ಪ, ಜೇಬಲ್ಲವೆ... ಮೂರೂ ನನ್ ಜೇಬಲ್ಲವೆ."

ಎಣಿಕೆ ನಿಂತಿತು. ಅಷ್ಟರಲ್ಲೇ ಸುತ್ತಲ ತೋಟಗಳ ಮೋಟರುಗಳೆಲ್ಲ ಗುಯ್ಯೆಂದವು. ನಮ್ಮದು ಸುಮ್ಮನಿತ್ತು. ಬಾಗಿಲು ಮುಟ್ಟಿದರೆ ತೆರೆದುಕೊಂಡಿತು.

ಮಾದೇವ ವೈರು ಹಿಡಿದೇ ಕುಳಿತಿದ್ದ.

"ಅಣ್ಣ, ಒಳ್ಗೆ ನಿನ್ ಜೊತೆ ಎಣಿಸ್ತಿದ್ದೋರು ಯಾರಣ್ಣ?"

ದನಿ ಹೊರಗಿನಿಂದ ಬಂದದ್ದು ಎಂದು ಅವನಿಗೆ ಇವತ್ತಿಗೂ ಹೇಳಿಲ್ಲ. ಈಗ ಫ್ಯೂಸ್ ಕೀಳುವುದು ಅವನೇ. ನಾನು ಬಾಗಿಲಿಗೆ ಕಲ್ಲು ಕೊಟ್ಟು ಹೊರಗೆ ನಿಲ್ಲುತ್ತೇನೆ. ಕರೆಂಟು ಬಂದು ಮೋಟರುಗಳು ಗುಯ್ಯೆಂದಾಗಲೆಲ್ಲ ಕಿವಿಗೊಟ್ಟು ಕಾಯುತ್ತೇನೆ. 'ಒನ್' ಇನ್ನೂ ಬಾಕಿಯಿದೆ.