ಅಳಿವೆಯಾಚೆಯ ಸಂಬಂಧ

ಹಳೆಯ ಕಾಗದಕ್ಕೆ ಒಂದು ವಾಸನೆ ಇರುತ್ತದೆ, ನೋಡಿ. ಮಗಳು ಆನ್‌ಲೈನಿನಲ್ಲಿ ತರಿಸಿಕೊಟ್ಟ ನಮ್ಮ ಜಿಲ್ಲೆಯ ನಕಾಶೆಗೆ ಆ ವಾಸನೆ ಇರಲಿಲ್ಲ. ಬ್ರಿಟಿಷರ ಕಾಲದ್ದರ ನಕಲು. ಚಹಾ ಚೆಲ್ಲಿದಂಥ ಕಂದು ಬಣ್ಣವೂ ಮೆಷಿನ್ನಿನದ್ದೇ. ಆದರೂ ಗಲ್ಫಿನ ಮನಾಮದಲ್ಲಿ, ಗುಫೂಲಿನ ಫ್ಲಾಟಿನಲ್ಲಿ ಎ.ಸಿ. ಕೆಳಗೆ ಕೂತು ಊರು ಹುಡುಕುವುದರಲ್ಲಿ ಒಂದು ಸುಖವಿದೆ. ಕನ್ನಡಕ ಏರಿಸಿದೆ, ಇಳಿಸಿದೆ. ನಮ್ಮೂರು ಸಿಕ್ಕಿತು. ಆದರೆ ಇದೇನು? ಊರಿನ ಉತ್ತರಕ್ಕೆ ಇರಬೇಕಾದ ಅಳಿವೆಯೇ, ಅಂದರೆ ಹೊಳೆ ಸಮುದ್ರ ಸೇರುವ ಬಾಯಿಯೇ ಇಲ್ಲ! ಹೊಳೆ ನಮ್ಮೂರನ್ನು ಬಳಸಿಕೊಂಡು ಹೋಗಿ ದಕ್ಷಿಣದಲ್ಲೆಲ್ಲೋ ಸಮುದ್ರ ಸೇರುತ್ತಿದೆ.

ಇದರಲ್ಲಿ ಗಾಬರಿ ಬೀಳುವಂಥದ್ದೇನು ಎಂದು ನೀವು ನಗಬಹುದು. ಅದಕ್ಕೆ ನನ್ನ ಅತ್ತೆಯ ಕತೆ ಹೇಳಬೇಕು.

ನನಗೆ ಬುದ್ಧಿ ತಿಳಿಯುವ ಮೊದಲೇ ಅಮ್ಮ ತೀರಿಹೋಗಿದ್ದರು. ಅಪ್ಪನಿಗೆ ಮನಾಮದಲ್ಲಿ ಬಟ್ಟೆ ಅಂಗಡಿ. ತಮ್ಮ ತಂಗಿಯನ್ನು, ಅಂದರೆ ನನ್ನ ಅತ್ತೆಯನ್ನು, ಟೈಲರ್ ವೀಸಾದಲ್ಲಿ ಕರೆಸಿಕೊಂಡರು. ಅತ್ತೆ ಅಂಗಡಿಯಲ್ಲಿ ಹೊಲಿದದ್ದು ಕಡಿಮೆ. ನನ್ನನ್ನು ಮೀಯಿಸಿದ್ದು, ಉಣಿಸಿದ್ದು, ನಾನು ಲೆಕ್ಕದಲ್ಲಿ ಫೇಲಾದದ್ದನ್ನು ಅಪ್ಪನಿಂದ ಮುಚ್ಚಿಟ್ಟದ್ದೇ ಹೆಚ್ಚು.

ಪಕ್ಕದ ಕೋಲ್ಡ್ ಸ್ಟೋರಿನ, ಅಂದರೆ ದಿನಸಿ ಅಂಗಡಿಯ, ಮ್ಯಾನೇಜರು ವಾಸಣ್ಣ, ನಮ್ಮೂರ ಅಳಿವೆಯ ಆಚೆ ದಡದವರು. ಹತ್ತಿರದ ಬುದಯ್ಯ ಎಂಬ ಊರಿನ ತೋಟದ ಹೊಸ ಖರ್ಜೂರ ಅವರ ಅಂಗಡಿಗೆ ಬಂದರೆ ಮೊದಲ ಪೊಟ್ಟಣ ನಮ್ಮ ಮನೆಗೆ. ಒಂದು ದಿನ ಅವರು ಅತ್ತೆಯನ್ನು ಮದುವೆಗೆ ಕೇಳಿಯೇಬಿಟ್ಟರು. ಅಪ್ಪ ಕಡ್ಡಿ ಮುರಿದಂತೆ ಹೇಳಿದರು: "ಅಳಿವೆ ದಾಟಿ ಹೆಣ್ಣು ಕೊಡುವ ಕ್ರಮ ನಮ್ಮಲ್ಲಿಲ್ಲ. ಏಳು ತಲೆಮಾರಿಂದ ಇಲ್ಲ." ವಾಸಣ್ಣ ಊರಿಗೆ ಹೋಗಿ ಬೇರೆ ಮದುವೆಯಾದರು. ಅತ್ತೆಯ ಮದುವೆಯ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ. ಹಿರಿಯರ ಮಾತಿಗೆ ಅಪ್ಪ ಎಷ್ಟು ಬೆಲೆ ಕೊಡುತ್ತಿದ್ದರೆಂದು ನಾನು ಮಗಳ ಮುಂದೆ ಕೊಚ್ಚಿಕೊಂಡದ್ದೂ ಉಂಟು, ನಾನೆಂಥ ಭೂಪ!

ಈಗ ನಕಾಶೆಯಲ್ಲಿ ನೋಡಿದರೆ ನಮ್ಮೂರಿನಿಂದ ವಾಸಣ್ಣನ ಊರಿಗೆ ಬರೀ ಮರಳು. ಏಳು ತಲೆಮಾರಿನ ನೇಮ ಎನ್ನಲು ಬ್ರಿಟಿಷರ ಕಾಲದಲ್ಲಿ ಅಲ್ಲಿ ಹೊಳೆಯೇ ಇರಲಿಲ್ಲ. ಅಪ್ಪ ಈಗಿಲ್ಲ, ಕೇಳೋಣವೆಂದರೆ. ಅಡುಗೆಮನೆಯಲ್ಲಿದ್ದ ಅತ್ತೆಯನ್ನು ಕರೆದೆ. ನಕಾಶೆಯ ಮೇಲೆ ಬೆರಳಿಟ್ಟು ತೋರಿಸಿದೆ.

"ಅತ್ತೆ, ಅಪ್ಪನಿಗೆ ಯಾರೋ ಸುಳ್ಳು ಹೇಳಿದ್ದಾರೆ. ಇಲ್ಲಿ ಅಳಿವೆಯೇ ಇರ್ಲಿಲ್ಲ!"

ಅತ್ತೆ ಬಗ್ಗಿ ನೋಡಿದರು. "ಗೊತ್ತುಂಟು ಮಗ. ನನ್ನ ಅಪ್ಪ ಸಣ್ಣವರಿರುವಾಗ ಒಂದು ಮಳೆಗಾಲದಲ್ಲಿ ಹೊಳೆ ಅಲ್ಲಿ ಮರಳು ಒಡ್ದು ಸಮುದ್ರಕ್ಕೆ ಬಿದ್ದದ್ದಂತೆ. ಅಣ್ಣನಿಗೂ ಗೊತ್ತಿತ್ತು."

"ಗೊತ್ತಿದ್ದೂ ಅಪ್ಪ ಹಾಗೆ ಹೇಳಿದ್ದಾ? ಯಾಕೆ?"

"ಮತ್ತೆಂತ ಹೇಳುದು, ಪಾಪ? ನಿನಗೆ ಆಗ ಐದು ವರ್ಷ. ನಾನು ಹೋದ್ರೆ ನಿನ್ನನ್ನು ನೋಡ್ಲಿಕ್ಕೆ ಯಾರಿದ್ರು?"

"ನೀವು ಜಗಳ ಮಾಡ್ಲಿಲ್ವಾ?" ಎಂದೆ.

"ಮಾಡುವ ಅಂತಲೇ ಇದ್ದೆ," ಎಂದರು ಅತ್ತೆ. "ಆ ವಾರ ನಿನಗೆ ಜ್ವರ."

ಒಲೆಯ ಮೇಲೆ ಏನೋ ಇದೆಯೆಂದು ಅವರು ಒಳಗೆ ಹೋದರು. ಅಪ್ಪನ ಮೇಲೆ ಸಿಟ್ಟು ಉಕ್ಕಿತು. ಮರುಕ್ಷಣವೇ, ಅವರು ಹಾಗೆ ಮಾಡದಿದ್ದರೆ ನನ್ನ ಗತಿ ಏನಾಗುತ್ತಿತ್ತೋ ಎಂದು ಹೆದರಿಕೆಯಾಯಿತು. ಆ ಹೆದರಿಕೆಗೆ ನನಗೇ ನಾಚಿಕೆಯಾಯಿತು. ಅಡ್ಡವಿದ್ದದ್ದು ಅಳಿವೆಯಾಗಿದ್ದರೆ ಅತ್ತೆ ದೋಣಿ ಹತ್ತಿಯಾದರೂ ದಾಟುತ್ತಿದ್ದರು. ನನ್ನನ್ನು ದಾಟಲು ಅವರಿಂದಾಗಲಿಲ್ಲ.