ಶುದ್ಧಪ್ರತಿಯಿಂದ ಬಿಟ್ಟುಹೋದದ್ದು

ಭಾಷಾ ವಿಭಾಗದಲ್ಲಿ ಆಕೆಯನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಎಲ್ಲರಿಗೂ ಆಕೆ 'ಶುದ್ಧಪ್ರತಿ'. ಪ್ರೊಫೆಸರು ಟೇಪಿನಲ್ಲಿ ಹಿಡಿದು ತಂದ ಜನರ ಮಾತನ್ನು ಕೇಳಿ ಟೈಪು ಮಾಡುವುದು ಇಪ್ಪತ್ತೆಂಟು ವರ್ಷದಿಂದ ಆಕೆಯ ಕೆಲಸ. ಮಾತೆಂದರೆ ನಮ್ಮ ನಿಮ್ಮ ಮಾತೇ: ಆಂ, ಊಂ, ಅದೇನಪ್ಪಾ ಅಂದ್ರೆ, ಅರ್ಧಕ್ಕೆ ನಿಂತದ್ದು, ಮತ್ತೆ ಮೊದಲಿನಿಂದ ಶುರುವಾದದ್ದು. ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಆಕೆ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಅವನ್ನೆಲ್ಲ ಆರಿಸಿ ಬಿಸಾಡುತ್ತಿದ್ದಳು. ಹಾಗೆ ಮಾಡೆಂದು ಯಾರೂ ಹೇಳಿರಲಿಲ್ಲ. ಬೇಡವೆಂದೂ ಹೇಳಲಿಲ್ಲ, ಹಾಳೆ ಚೊಕ್ಕಟವಾಗಿ ಬಂದರೆ ಯಾರಿಗೆ ಬೇಡ? ಟೈಪಾದ ಟೇಪಿನ ಮೇಲೆ ಮತ್ತೊಬ್ಬರ ಮಾತು ತುಂಬುವುದು ವಿಭಾಗದ ಹಳೆಯ ಜಿಪುಣತನ.

ಆಕೆಯ ಅಣ್ಣ ಗಡಿಯಾರ ರಿಪೇರಿಯವನು. ಅಪ್ಪ ತೀರಿಕೊಂಡಾಗ ಹೈಸ್ಕೂಲಿನಲ್ಲಿದ್ದವನು, ಕ್ಲಾಸಿಗೇ ಮೊದಲಿಗ. ಪುಸ್ತಕ ಮುಚ್ಚಿಟ್ಟು ಅಂಗಡಿಯಲ್ಲಿ ಕೂತ, ತಂಗಿಯನ್ನು ಟೈಪಿಂಗ್ ಕಲಿಯಲು ಕಳಿಸಿದ. ಅವನ ಮಾತು ತಡೆದು ತಡೆದು ಬರುತ್ತಿತ್ತು.

"ಇವ್ರು ಒಂದು ಮಾತು ಮುಗಿಸೋಷ್ಟರಲ್ಲಿ ವಾಚೇ ರಿಪೇರಿ ಆಗಿರುತ್ತೆ," ಎಂದು ಗಿರಾಕಿಗಳು ನಗುತ್ತಿದ್ದರು. ಅವನೂ ಜೊತೆಗೆ ನಗುತ್ತಿದ್ದ. ತಂಗಿಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು.

ಒಮ್ಮೆ ಪ್ರೊಫೆಸರು ಕೆಲಸಗಾರರ ಮಾತು ಬೇಕೆಂದಾಗ ಆಕೆಯೇ ಅಣ್ಣನನ್ನು ಕರೆತಂದಳು. ಆಮೇಲೆ ಟೇಪು ಹಾಕಿಕೊಂಡು ಟೈಪಿಗೆ ಕೂತಳು. ಪ್ರೊಫೆಸರ ಕೊನೆಯ ಪ್ರಶ್ನೆ: "ಈ ಕೆಲಸ ನಿಮಗೆ ಇಷ್ಟಾನಾ?" ಅಣ್ಣ ಸುಮ್ಮನಾದ. ಎಷ್ಟು ಹೊತ್ತೆಂದರೆ, ಮಷೀನು ಕೆಟ್ಟಿತೆಂದು ಆಕೆ ಎರಡು ಸಲ ಅದರ ನೆತ್ತಿಗೆ ತಟ್ಟಿದಳು. ಕೊನೆಗೆ ಕೇಳಿಸಿತು: "ಆಂ... ಅದೂ... ಹೂಂ. ಇಷ್ಟಾನೇ."

'ಹೌದು, ಇಷ್ಟ' ಎಂದು ಟೈಪು ಮಾಡಿದಳು. ಕಾಗದದ ಮೇಲಾದರೂ ಯಾರೂ ಅಣ್ಣನನ್ನು ನೋಡಿ ನಗಬಾರದಲ್ಲ.

ಹಾಳೆ ಓದಿ ಅಣ್ಣ ಕನ್ನಡಕ ತೆಗೆದ. "ಚೆ... ಚೆನ್ನಾಗ್ ಮಾತಾಡಿದಾನೆ. ಯಾರೇ ಇವನು?"

"ನೀನೇ ಕಣೋ!"

ಇಬ್ಬರೂ ನಕ್ಕರು. ಯಾಕೆ ಅಷ್ಟು ಹೊತ್ತು ಸುಮ್ಮನಿದ್ದೆ ಎಂದು ಆಕೆ ಕೇಳಲಿಲ್ಲ. ಕೇಳಬೇಕಿತ್ತು. ಇವತ್ತು, ನಾಳೆ ಎನ್ನುತ್ತಲೇ ಹದಿನೈದು ವರ್ಷ ಕಳೆದುಬಿಟ್ಟಳು. ಹೋದ ವರ್ಷ ಅವನೇ ಹೋಗಿಬಿಟ್ಟ.

ಈ ಸಲ ವಿಭಾಗದಲ್ಲಿ ಎರಡು ದಿನದ ಕಾರ್ಯಾಗಾರ ನಡೆಯಿತು. ಮಾತಿನ ಅರ್ಥವನ್ನು ಕಂಪ್ಯೂಟರಿಗೆ ಕಲಿಸುವವರ ಸಭೆ. ಆಕೆಯದು ಹಿಂದಿನ ಸಾಲಿನ ಕುರ್ಚಿ. ಹೊರಗಿನಿಂದ ಬಂದ ಸಂಶೋಧಕಿ ಹೇಳಿದಳು: "ತಡವರಿಸೋದು ಕಸ ಅಲ್ಲ. ಬಾಯಿ ಹೇಳದೇ ಇದ್ದದ್ದು ಎಷ್ಟೋ ಸಲ ಅಲ್ಲೇ ಇರುತ್ತೆ." ಆಮೇಲೆ ವಿಭಾಗದ ಹಳೆಯ ಹಾಳೆಗಳಿಂದ ಆರಿಸಿದ ಸಾಲೊಂದನ್ನು ಪರದೆಗೆ ತಂದಳು. "ಇದನ್ನ ನೋಡಿ, ಒಂದು ಚೂರೂ ತಡೆ ಇಲ್ಲ. ಮನಸಾರೆ ಬಂದ ಹೌದು ಅಂದ್ರೆ ಇದು."

ಗಡಿಯಾರ ರಿಪೇರಿಯವರು: ಹೌದು, ಇಷ್ಟ.

ಆಕೆಯೇ ಟೈಪು ಮಾಡಿದ ಸಾಲು. ಇಪ್ಪತ್ತೆಂಟು ವರ್ಷದ ಹೆಸರು ಒಂದು ಕಡೆ, ಅಣ್ಣ ಒಂದು ಕಡೆ. ಎದ್ದು ನಿಂತಳು.

"ಅದೂ... ಅದು ಹಾಗಲ್ಲ. ಅವನು ಸುಮ್ಮನಿದ್ದ. ತುಂಬಾ ಹೊತ್ತು. ನಾನೇ... ನಾನೇ ತೆಗೆದುಹಾಕಿದೆ."

"ಎಷ್ಟು ಹೊತ್ತು?"

"ಅಳೀಲಿಲ್ಲ. ಮಷೀನು ಎರಡು ಸಲ ತಟ್ಟಿದೆ, ಅಷ್ಟು."

"ಟೇಪು?"

"ಅದರ ಮೇಲೆ ಇನ್ಯಾರೋ ಮಾತಾಡಿದ್ದಾರೆ."

ಸಂಶೋಧಕಿ ಗದರಲಿಲ್ಲ. "ಹಾಗಾದ್ರೆ ಇದನ್ನ ಇಟ್ಕೊಳ್ಳೋಕಾಗಲ್ಲಮ್ಮಾ," ಎಂದು ಒಂದು ಕೀಲಿ ಒತ್ತಿದಳು. ಅಣ್ಣನ ಸಾಲು ಹೋಯಿತು, ಕೆಳಗಿನದು ಮೇಲಕ್ಕೆ ಬಂತು.

ಆಕೆ ಕೂತಳು. ಆ ಮೌನವನ್ನು ಲೋಕದಲ್ಲಿ ಕೇಳಿಸಿಕೊಂಡಿದ್ದವರು ಇಬ್ಬರು. ಪ್ರೊಫೆಸರಿಗೆ ಈಗ ಏನೂ ನೆನಪಿಲ್ಲ. ಉಳಿದವಳು ಕೇಳಿಯೂ ಕೇಳಿಸಿಕೊಂಡಿರಲಿಲ್ಲ.

"ಇಷ್ಟ ಇರ್ಲಿಲ್ಲ, ಅಲ್ವೇನೋ?" ಎಂದು ಇಲ್ಲದ ಅಣ್ಣನನ್ನು ಮೆಲ್ಲಗೆ ಕೇಳಿದಳು.

ಪಕ್ಕದ ಕುರ್ಚಿಯವರು ತಿರುಗಿದರು. "ಏನಂದ್ರಿ?"

"ಏನಿಲ್ಲ," ಎಂದಳು, ಒಂದು ಚೂರೂ ತಡವರಿಸದೆ.